ಸ್ವದೇಶಸೀಮಿತ ಜಪಾನೀ ವಿಡಿಯೋ ಆಟಗಳು

ಸ್ವದೇಶಸೀಮಿತ ಜಪಾನೀ ವಿಡಿಯೋ ಆಟಗಳೆಂದರೆ ಜಪಾನಿನಲ್ಲಿ ನಿರ್ಮಿತವಾಗಿ, ಆ ದೇಶದ ಮಾರುಕಟ್ಟೆಯಲ್ಲಿ ಮಾತ್ರ ವಿಧಿವತ್ತಾಗಿ ಮಾರಾಟಗೊಂಡು, ನಿರ್ಮಾಪಕ ಸಂಸ್ಥೆಯಿಂದಾಗಲಿ ಅದರ ಪರವಾನಗಿ ಪಡೆದವರಿಂದಾಗಲಿ ತಮ್ಮ ಕಾಲದಲ್ಲಿ ವಿದೇಶಗಳಿಗೆ ಬಿಡುಗಡೆಯಾಗದೆ ಉಳಿದ ವಿದ್ಯುನ್ಮಾನ ಕ್ರೀಡೆಗಳು. ಇವುಗಳಲ್ಲಿ ಎರಡು ವರ್ಗಗಳುಂಟು. ಕಥನ ಮತ್ತು ಸಂಭಾಷಣೆಗಳೇ ಪ್ರಧಾನವಾಗಿರುವ ಆಟಗಳು ಭಾಷೆಯ ತಡೆಯಿಂದ ದೀರ್ಘಕಾಲ ಜಪಾನಿನಲ್ಲಿಯೇ ಉಳಿದುವು. ಬರೆಹ ಅತ್ಯಲ್ಪವಾಗಿದ್ದ ಆದಿಕಾಲದ ಕಿರು ಆಟಗಳಾದರೋ ಪರವಾನಗಿಯಿಲ್ಲದ ಪ್ರತಿರೂಪ ಯಂತ್ರಗಳ ಮೂಲಕ ರಷ್ಯ, ಪೋಲೆಂಡ್, ಭಾರತ ಮುಂತಾದ ದೇಶಗಳನ್ನು ತಲಪಿ, ಕರ್ನಾಟಕದ ನಗರಗಳಲ್ಲಿ 1990ರ ದಶಕದ ಮಕ್ಕಳಿಗೆ ಸುಪರಿಚಿತವಾದುವು.

ಈ ಲೇಖನದಲ್ಲಿ ‘ಯಂತ್ರ’ವೆಂದರೆ ದೂರದರ್ಶನಕ್ಕೆ ಜೋಡಿಸಿ ಆಡುವ ಉಪಕರಣ, ‘ಕ್ಯಾಸೆಟ್’ ಎಂದರೆ ಆಟದ ಕ್ರಮವಿಧಿಯನ್ನು ಅರೆವಾಹಕ ಬಿಲ್ಲೆಗಳಲ್ಲಿ ಅಡಗಿಸಿಕೊಂಡು ಯಂತ್ರದೊಳಕ್ಕೆ ತೂರಿಸಲ್ಪಡುವ ಪ್ಲಾಸ್ಟಿಕ್ ಪೆಟ್ಟಿಗೆ. ಇದರೊಳಗೆ ಕಾಂತೀಯ ಸುರುಳಿಯಿಲ್ಲದಿದ್ದರೂ ಜಪಾನಿನಲ್ಲಿಯೂ ಭಾರತದಲ್ಲಿಯೂ ಬಳಕೆಯ ಹೆಸರು ಕ್ಯಾಸೆಟ್ ಎಂದೇ. ಮೂಲ ಯಂತ್ರದ ರಚನೆಯನ್ನು ಅನುಕರಿಸಿ ಅನ್ಯರು ತಯಾರಿಸಿದುದು ‘ಪ್ರತಿರೂಪ ಯಂತ್ರ’; ಅನೇಕ ಆಟಗಳನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಿದುದು ‘ಬಹುಕ್ರೀಡಾ ಕ್ಯಾಸೆಟ್’. ಒಂದೇ ಆಟಕ್ಕೆ ಹಲವು ಯಂತ್ರಗಳಲ್ಲಿ ಹಲವು ಆವೃತ್ತಿಗಳಿರುವುದುಂಟಾದುದರಿಂದ, ಸ್ವದೇಶಸೀಮಿತತೆಯನ್ನು ಆಯಾ ಆವೃತ್ತಿಗೆ ಅನ್ವಯಿಸಿ ನಿರ್ಣಯಿಸುವುದು ವಾಡಿಕೆ. ನಾಣ್ಯ ಹಾಕಿ ಆಡುವ ಸಾರ್ವಜನಿಕ ಯಂತ್ರದ ರೂಪದಲ್ಲಿ ವಿದೇಶಗಳಿಗೆ ಹೋದ ಆಟವೂ ಗೃಹಯಂತ್ರದ ರೂಪದಲ್ಲಿ ಸ್ವದೇಶಸೀಮಿತವಾಗಿರಬಹುದು.

ಉಗಮ

ಕ್ಯೋಟೊ ನಗರದ ನಿಂಟೆಂಡೊ ಸಂಸ್ಥೆ 1983ರ ಜುಲೈ 15ರಂದು ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಯಂತ್ರವನ್ನು 14,800 ಯೆನ್ ಬೆಲೆಗೆ ಮಾರಾಟಕ್ಕೆ ಬಿಟ್ಟಿತು. ಸಂಕ್ಷೇಪವಾಗಿ ಫ್ಯಾಮಿಕಾಮ್ ಎಂದು ಪ್ರಸಿದ್ಧವಾದ ಈ ಯಂತ್ರದ ವಿನ್ಯಾಸಕಾರ ಮಸಾಯುಕಿ ಉಯೆಮುರ. ಅದೇ ವರ್ಷ ಅಮೆರಿಕದ ಗೃಹಕ್ರೀಡಾ ಉದ್ಯಮ, ಗುಣಹೀನ ಆಟಗಳ ಅತಿ ಸಂಗ್ರಹದಿಂದ, ಕುಸಿದು ಬಿದ್ದಿದ್ದ ಕಾರಣ ಈ ಯಂತ್ರ ಅಲ್ಲಿಗೆ ಕೂಡಲೇ ಹೋಗಲಿಲ್ಲ. ರೂಪವನ್ನೂ ಹೆಸರನ್ನೂ ಬದಲಿಸಿಕೊಂಡು ‘ನಿಂಟೆಂಡೊ ಎಂಟರ್‌ಟೈನ್‌ಮೆಂಟ್ ಸಿಸ್ಟಮ್’ ಎಂಬುದಾಗಿ ಅದು 1985ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ನಗರದ ಅಂಗಡಿಗಳನ್ನು ಪ್ರವೇಶಿಸುವ ವೇಳೆಗೆ ಜಪಾನಿನಲ್ಲಿ ಎರಡು ವರ್ಷಗಳ ಆಟಗಳು ಆಗಲೇ ಸಂಚಯವಾಗಿದ್ದುವು.

ಸ್ವದೇಶಸೀಮಿತ ಆಟಗಳ ಮೊದಲ ಸಮೂಹ ಈ ಎರಡು ವರ್ಷಗಳ ಅಂತರದಿಂದಲೂ ಅದನ್ನು ಅನುಸರಿಸಿ ಬಂದ ಒಂದು ವರ್ಷದಿಂದಲೂ ಹುಟ್ಟಿದುದು. ನಿಂಟೆಂಡೊ ಅನ್ಯಸಂಸ್ಥೆಗಳಿಗೆ ತನ್ನ ಯಂತ್ರವನ್ನು ತೆರೆದುದು 1984ರ ಜುಲೈನಲ್ಲಿ. ಹಡ್ಸನ್ ಸಾಫ್ಟ್ ಸಂಸ್ಥೆಯ ‘ನಟ್ಸ್ ಅಂಡ್ ಮಿಲ್ಕ್’ ಮತ್ತು ‘ಲೋಡ್ ರನ್ನರ್’ ಆ ಬಗೆಯ ಮೊದಲ ಕ್ಯಾಸೆಟ್‌ಗಳು. ಸೆಪ್ಟೆಂಬರಿನಲ್ಲಿ ನಾಮ್ಕೊ ಸಂಸ್ಥೆ ‘ಗ್ಯಾಲಾಕ್ಸಿಯನ್’ ಆಟವನ್ನು ತಂದಿತು. ಮರುವರ್ಷ ಕೊನಾಮಿ, ಜಾಲೆಕೊ, ಎನಿಕ್ಸ್, ಟೈಟೊ ಸಂಸ್ಥೆಗಳು ಬಂದುವು. ಅಮೆರಿಕದಲ್ಲಿ ಯಂತ್ರ ನೆಲೆಗೊಳ್ಳುವಷ್ಟರಲ್ಲಿ ಈ ಆಟಗಳ ಚಿತ್ರಣ ಹಳತಾಗಿ ಕಂಡುದರಿಂದ ಅವುಗಳಲ್ಲಿ ಹೆಚ್ಚಿನವನ್ನು ಅಲ್ಲಿಗೆ ಒಯ್ಯಲಿಲ್ಲ. ಯಂತ್ರದ ಒಟ್ಟು ಆಯುಷ್ಯದಲ್ಲಿ ಜಪಾನಿನಲ್ಲಿ ಸಾವಿರಕ್ಕೂ ಮಿಕ್ಕ ಆಟಗಳು ವಿಧಿವತ್ತಾಗಿ ಪ್ರಕಟವಾದರೆ, ಅಮೆರಿಕದಲ್ಲಿ ಪ್ರಕಟವಾದ ಆಟಗಳು ಸುಮಾರು ಏಳುನೂರು ಮಾತ್ರ. ಅವುಗಳಲ್ಲಿಯೂ ಕೆಲವು ಅಮೆರಿಕ ಮತ್ತು ಐರೋಪ್ಯ ಸಂಸ್ಥೆಗಳ ಸ್ವಂತ ಕೃತಿಗಳು.

ಯಂತ್ರರಚನೆ

ಫ್ಯಾಮಿಕಾಮಿನ ಕೇಂದ್ರ ಸಂಸ್ಕಾರಕ ರಿಕೋ ಸಂಸ್ಥೆ ತಯಾರಿಸಿದ, 6502 ಎಂಬ ಅಮೆರಿಕನ್ ಬಿಲ್ಲೆಯನ್ನು ಆಧರಿಸಿದ ಎಂಟು ಬಿಟ್‌ಗಳ ಸಂಸ್ಕಾರಕ. ಅದರ ಗತಿ 1.79 ಮೆಗಾಹರ್ಟ್ಸ್, ಅದಕ್ಕೆ ಒದಗಿದ ಕಾರ್ಯಸ್ಮೃತಿ 2 ಕಿಲೋಬೈಟ್. ಚಿತ್ರವನ್ನು ರಚಿಸಲು ಪ್ರತ್ಯೇಕವಾದ ಇನ್ನೊಂದು ಬಿಲ್ಲೆಯಿದ್ದು, ಅದು ಅಡ್ಡಲಾಗಿ 256, ಉದ್ದಕ್ಕೆ 240 ಬಿಂದುಗಳ ಪರದೆಯ ಮೇಲೆ ಚಲಿಸುವ 64 ಆಕೃತಿಗಳನ್ನು ಏಕಕಾಲದಲ್ಲಿ ತೋರಿಸಬಲ್ಲುದಾಗಿತ್ತು.

ಆದಿಕಾಲದ ಕ್ಯಾಸೆಟ್‌ಗಳಲ್ಲಿ ಕ್ರಮವಿಧಿಗೆ 16 ಅಥವಾ 32 ಕಿಲೋಬೈಟ್, ಚಿತ್ರಗಳಿಗೆ 8 ಕಿಲೋಬೈಟ್, ಹೀಗೆ ಒಟ್ಟು 24 ಅಥವಾ 40 ಕಿಲೋಬೈಟ್ ಸ್ಥಳವಿತ್ತಷ್ಟೆ. ಈ ಸಂಕೋಚದಿಂದ ಎರಡು ಪರಿಣಾಮಗಳಾದುವು. ಅಕ್ಷರಗಳಿಗೆ ಸ್ಥಳವನ್ನು ಮಿಗಿಸುವುದಕ್ಕಾಗಿ, ಜಪಾನೀ ಲಿಪಿಯ ಬದಲು, ಕೆಲವೇ ಆಕೃತಿಗಳಲ್ಲಿ ಮುಗಿಯುವ ರೋಮನ್ ಅಕ್ಷರಗಳನ್ನೂ ಅಂಕೆಗಳನ್ನೂ ಬಳಸಿದುದರಿಂದ ಜಪಾನೀ ಭಾಷೆಯನ್ನು ಅರಿಯದವರೂ ಇವನ್ನು ಆಡಬಹುದಾಗಿತ್ತು. ಹಾಗೂ ಮುಂದೆ ಸ್ಮೃತಿಬಿಲ್ಲೆಗಳು ಅಗ್ಗವಾದಾಗ ಇಂಥ ಹತ್ತಾರು ಆಟಗಳನ್ನು ಒಂದೇ ಬಿಲ್ಲೆಯಲ್ಲಿ ತುಂಬುವುದು ಸುಲಭಸಾಧ್ಯವಾಯಿತು. ಒಂದು ಮೆಗಾಬೈಟ್ ಬಿಲ್ಲೆಯಲ್ಲಿ 24 ಕಿಲೋಬೈಟ್‌ನ ನಲವತ್ತು ಆಟಗಳು ಹಿಡಿಯುತ್ತವೆ.

ಕ್ಯಾಸೆಟ್ ಯಂತ್ರಕ್ಕೆ ಕೂಡುವ ಸಂಪರ್ಕಪಟ್ಟಿಯ ಭೇದವೂ ಗಮನಾರ್ಹವಾದುದು. ಜಪಾನಿನ ಯಂತ್ರದಲ್ಲಿ ಈ ಸಂಪರ್ಕಗಳು 60. ಅಮೆರಿಕ ಮತ್ತು ಯೂರೋಪಿನ ಯಂತ್ರದಲ್ಲಿ 72. ಎರಡನೆಯದರಲ್ಲಿ, ಪರವಾನಗಿಯಿಲ್ಲದ ಕ್ಯಾಸೆಟ್ಟನ್ನು ತಿರಸ್ಕರಿಸುವ ಬೀಗದ ಬಿಲ್ಲೆಯೊಂದನ್ನು ಅಳವಡಿಸಲಾಗಿತ್ತು. ಜಪಾನಿನ ಯಂತ್ರದಲ್ಲಿ ಅಂಥ ಬೀಗವಿರಲಿಲ್ಲ. ಆದುದರಿಂದ ತೈವಾನಿನ ತಯಾರಕರು ಪ್ರತಿರೂಪ ಯಂತ್ರಗಳಿಗೆ 60 ಸಂಪರ್ಕಗಳ ಜಪಾನೀ ಮಾದರಿಯನ್ನೇ ಆರಿಸಿಕೊಂಡರು.

ಸ್ವದೇಶಸೀಮಿತತೆಯ ಕಾರಣಗಳು

ಭಾಷಾಂತರದ ವ್ಯಯ ಮತ್ತು ಅದರ ತಾಂತ್ರಿಕ ಕ್ಲೇಶಗಳು ಪ್ರಥಮ ಕಾರಣ. ಜಪಾನೀ ಭಾಷೆಯಲ್ಲಿ ನಾಲ್ಕಾರು ಅಕ್ಷರಗಳಲ್ಲಿ ಅಡಗುವ ಮಾತಿಗೆ ಇಂಗ್ಲಿಷಿನಲ್ಲಿ ಅದರ ಎರಡು ಮೂರರಷ್ಟು ಸ್ಥಳ ಬೇಕಾಗುವುದರಿಂದ, ಕ್ಯಾಸೆಟ್ಟಿನ ಸ್ಮೃತಿಯನ್ನೂ ಪರದೆಯ ಮೇಲಿನ ಚೌಕಟ್ಟುಗಳನ್ನೂ ಪುನಃ ರಚಿಸಬೇಕಾಗುತ್ತಿತ್ತು. ಎರಡನೆಯದು ವಾಣಿಜ್ಯ ನಿಯಮಗಳು: ಅಮೆರಿಕದಲ್ಲಿ ಪ್ರತಿಯೊಂದು ಅನ್ಯಸಂಸ್ಥೆಯೂ ವರ್ಷಕ್ಕೆ ಐದು ಆಟಗಳನ್ನು ಮಾತ್ರ ಪ್ರಕಟಿಸಬಹುದೆಂದು ನಿಂಟೆಂಡೊ ವಿಧಿಸಿದ್ದ ಮಿತಿಯಿಂದ, ಮಾರಾಟ ನಿಶ್ಚಿತವಲ್ಲದ ಆಟಗಳು ಹಿಂದುಳಿದುವು. ಮೂರನೆಯದು ವಿಷಯದ ದೇಶೀಯತೆ. ಶೋಗಿ, ಮಾಜೊಂಗ್, ಪಚಿಂಕೊ ಮೊದಲಾದ, ಜಪಾನಿನಲ್ಲಿ ಜನಪ್ರಿಯವಾದ ವಿನೋದಗಳನ್ನಾಗಲಿ, ಅಲ್ಲಿಯ ದೂರದರ್ಶನದ ನಟರನ್ನಾಗಲಿ, ಇತಿಹಾಸವನ್ನಾಗಲಿ ಅವಲಂಬಿಸಿದ ಆಟಗಳಿಗೆ ಹೊರಗೆ ಗ್ರಾಹಕರಿರಲಾರರೆಂದು ಭಾವಿಸಲಾಯಿತು. ನಾಲ್ಕನೆಯದು ಧಾರ್ಮಿಕ ಚಿಹ್ನೆಗಳ ನಿಷೇಧ: ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕ ರಚಿಸಿದ ‘ಡೆವಿಲ್ ವರ್ಲ್ಡ್’ ಎಂಬ 1984ರ ಆಟ, ಶಿಲುಬೆ ಮತ್ತು ಧರ್ಮಗ್ರಂಥಗಳ ಆಕೃತಿಗಳನ್ನು ಒಳಗೊಂಡಿದ್ದ ನಿಮಿತ್ತ, 1987ರಲ್ಲಿ ಯೂರೋಪನ್ನು ಸೇರಿತಾದರೂ ಅಮೆರಿಕವನ್ನು ಸೇರಲಿಲ್ಲ. ಕಡೆಯದಾಗಿ, ಕಥೆಯ ಹಕ್ಕುಗಳು ಚಿತ್ರಕಥೆಯ ಪ್ರಕಾಶಕರಲ್ಲಿಯೋ ಚಲಚ್ಚಿತ್ರ ಸಂಸ್ಥೆಗಳಲ್ಲಿಯೋ ಇದ್ದಾಗ ಹೊರದೇಶಗಳಿಗೆ ಬೇರೆ ಒಪ್ಪಂದ ಅಗತ್ಯವಾಗುತ್ತಿತ್ತು.

ಕೆಲವೊಮ್ಮೆ ಯಂತ್ರ ಅಥವಾ ಮಾಧ್ಯಮವೇ ಸ್ವದೇಶಸೀಮಿತವಾಗಿರುವುದುಂಟು. 1986ರ ಫೆಬ್ರವರಿಯಲ್ಲಿ ಬಂದ, ಅಂಗಡಿಗಳಲ್ಲಿ 500 ಯೆನ್ ಕೊಟ್ಟು ಹೊಸ ಆಟವನ್ನು ಬರೆಯಿಸಿಕೊಳ್ಳಬಹುದಾಗಿದ್ದ ಫ್ಯಾಮಿಕಾಮ್ ಡಿಸ್ಕ್ ಸಿಸ್ಟಮ್, ಉಪಗ್ರಹದ ಮೂಲಕ ಆಟಗಳನ್ನು 1995ರಿಂದ 2000ದವರೆಗೆ ಪ್ರಸಾರ ಮಾಡಿದ ಸ್ಯಾಟೆಲಾವ್ಯೂ, ಗುನ್‌ಪೇಯಿ ಯೊಕೊಯಿ ವಿನ್ಯಾಸಗೊಳಿಸಿ ಬಂದಾಯಿ ಸಂಸ್ಥೆ 1999ರಲ್ಲಿ ಮಾರಿದ ವಂಡರ್‌ಸ್ವಾನ್ ಎಂಬ ಕೈಯಂತ್ರ ಇವು ಇದಕ್ಕೆ ನಿದರ್ಶನಗಳು.

ಪ್ರಕಾರಗಳು

*ಕಿರು ಕ್ರಿಯಾಪ್ರಧಾನ ಆಟಗಳು.* ಒಂದೇ ಪರದೆಯಲ್ಲಿ ಅಥವಾ ಒಂದೇ ದಿಕ್ಕಿಗೆ ಸರಿಯುವ ದೃಶ್ಯದಲ್ಲಿ ನಡೆಯುವ, ನಿಯಮವನ್ನು ಆಡುತ್ತಲೇ ತಿಳಿಯಬಹುದಾದ ಆಟಗಳಿವು. ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ನಾಮ್ಕೊ ಸಂಸ್ಥೆ 1985ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ‘ಬ್ಯಾಟಲ್ ಸಿಟಿ’. 1980ರ ‘ಟ್ಯಾಂಕ್ ಬೆಟಾಲಿಯನ್’ ಎಂಬ ಸಾರ್ವಜನಿಕ ಯಂತ್ರದ ಆಟದ ವಿಸ್ತರಣವಾದ ಇದರಲ್ಲಿ 35 ಹಂತಗಳಿದ್ದು, ಪ್ರತಿ ಹಂತದಲ್ಲಿಯೂ ಇಪ್ಪತ್ತು ಶತ್ರು ಟ್ಯಾಂಕುಗಳನ್ನು ನಾಶಮಾಡಿ, ಇಟ್ಟಿಗೆಗೋಡೆಯ ನಡುವಣ ಗರುಡಚಿಹ್ನೆಯನ್ನು ರಕ್ಷಿಸಬೇಕು. ಇಬ್ಬರು ಜೊತೆಗೂಡಿ ಆಡುವ ಅವಕಾಶವೂ, ಆಟಗಾರನೇ ಇಟ್ಟಿಗೆ, ಉಕ್ಕು, ನೀರು, ಪೊದೆಗಳನ್ನು ಜೋಡಿಸಿ ರಣಭೂಮಿಯನ್ನು ರಚಿಸಿಕೊಳ್ಳುವ ಸೌಕರ್ಯವೂ ಇದರ ವಿಶೇಷಗಳು.

ಸಾಫ್ಟ್ ಪ್ರೋ ಸಂಸ್ಥೆ 1986ರಲ್ಲಿ ಫ್ಯಾಮಿಕಾಮಿಗೆ ತಂದ ‘ಸರ್ಕಸ್ ಚಾರ್ಲಿ’, ಕೊನಾಮಿಯ 1984ರ ಸಾರ್ವಜನಿಕ ಆಟದ ರೂಪಾಂತರ. ಸಿಂಹವನ್ನೇರಿ ಬೆಂಕಿಯ ಬಳೆಗಳನ್ನು ದಾಟುವುದು, ಕೋತಿಗಳಿಂದ ತಪ್ಪಿಸಿಕೊಂಡು ಹಗ್ಗದ ಮೇಲೆ ನಡೆಯುವುದು, ಚೆಂಡಿನಿಂದ ಚೆಂಡಿಗೆ ನೆಗೆಯುವುದು, ಕುದುರೆ ಸವಾರಿ, ಉಯ್ಯಾಲೆಯ ಲಂಘನ ಎಂಬ ಐದು ಹಂತಗಳು ಇದರಲ್ಲುಂಟು. ಹಡ್ಸನ್ ಸಂಸ್ಥೆಯ ‘ಬೈನರಿ ಲ್ಯಾಂಡ್’ (1985) ಆಟದಲ್ಲಿ ಎರಡು ಪೆಂಗ್ವಿನ್‌ಗಳು ಕನ್ನಡಿಯ ಬಿಂಬದಂತೆ ಪರಸ್ಪರ ವಿರುದ್ಧ ದಿಕ್ಕುಗಳಲ್ಲಿ ಚಲಿಸುತ್ತವೆ. ಜೇಡನ ಬಲೆಗಳನ್ನು ನಿವಾರಿಸಿಕೊಂಡು ಎರಡನ್ನೂ ಪಂಜರದ ಹೃದಯಚಿಹ್ನೆಯ ಬಳಿಗೆ ಒಟ್ಟಿಗೆ ಸೇರಿಸುವುದು ಆಟಗಾರನ ಕೆಲಸ. ಬೆಕ್ಕುಗಳ ಮಹಲಿನಿಂದ ಕಳವಿನ ವಸ್ತುಗಳನ್ನು ಹಿಂದಕ್ಕೆ ತರುವ ಇಲಿ ಪೋಲೀಸನ ‘ಮ್ಯಾಪ್ಪಿ’ (1984), ಪೆಂಗ್ವಿನ್ನೊಂದು ಅಂಟಾರ್ಕ್ಟಿಕದ ಠಾಣೆಯಿಂದ ಠಾಣೆಗೆ ನಿಗದಿತ ಕಾಲದೊಳಗೆ ಓಡುವ ಕೊನಾಮಿಯ ‘ಅಂಟಾರ್ಕ್ಟಿಕ್ ಅಡ್ವೆಂಚರ್’ (1985), ಮುಂದೆ ನಿಂಟೆಂಡೊ ಸಂಸ್ಥೆಯ ಅಧ್ಯಕ್ಷನಾದ ಸತೋರು ಇವಾತ ಕ್ರಮವಿಧಿ ಬರೆದ ‘ಎಫ್-1 ರೇಸ್’ (1984) ಇವೂ ಫ್ಯಾಮಿಕಾಮ್ ರೂಪದಲ್ಲಿ ಅಂದು ಜಪಾನಿಗೇ ಸೀಮಿತವಾಗಿದ್ದುವು. ‘ಕಾಂಟ್ರಾ’, ‘ಸೂಪರ್ ಮಾರಿಯೊ ಬ್ರದರ್ಸ್’, ‘ಡಕ್ ಹಂಟ್’ ಮೊದಲಾದ ಆಟಗಳು ಅದೇ ಯಂತ್ರಕ್ಕೆ ಸೇರಿದವಾದರೂ ವಿದೇಶಗಳಲ್ಲಿ ವಿಧಿವತ್ತಾಗಿ ಮಾರಾಟವಾದುದರಿಂದ ಈ ವರ್ಗಕ್ಕೆ ಸೇರುವುದಿಲ್ಲ.

*ಪತ್ತೇದಾರಿ ಮತ್ತು ಕಥಾಪ್ರಧಾನ ಆಟಗಳು.* ಯೂಜಿ ಹೊರಿಯಿ 1983ರಲ್ಲಿ ಗಣಕಕ್ಕಾಗಿ ರಚಿಸಿದ, 1985ರಲ್ಲಿ ಫ್ಯಾಮಿಕಾಮಿಗೆ ಬಂದ ‘ಪೋರ್ಟೊಪಿಯ’ ಕೊಲೆಪ್ರಕರಣದ ಆಟ ಈ ಪರಂಪರೆಗೆ ಮೂಲ. ಆಟಗಾರನು ಆಜ್ಞೆಗಳ ಪಟ್ಟಿಯಿಂದ ಆರಿಸುತ್ತ ಸಾಕ್ಷಿಗಳನ್ನು ಪ್ರಶ್ನಿಸುವ ಈ ಕ್ರಮವನ್ನು ಹೊರಿಯಿ 1986ರ ‘ಡ್ರ್ಯಾಗನ್ ಕ್ವೆಸ್ಟ್’ನಲ್ಲಿ ಪಾತ್ರನಿರ್ವಹಣೆಗೆ ಅಳವಡಿಸಿದನು. ಚುನ್‌ಸಾಫ್ಟ್ ಸಂಸ್ಥೆಯ ‘ಒತೊಗಿರಿಸೊ’ (1992) ಮತ್ತು ‘ಕಮಾಯಿತಾಚಿ ನೊ ಯೊರು’ (1994) ಓದುವ ಕಾದಂಬರಿಗೆ ಧ್ವನಿಯನ್ನು ಬೆರೆಸಿದ ‘ಧ್ವನಿಕಾದಂಬರಿ’ ಎಂಬ ಪ್ರಭೇದವನ್ನು ಸ್ಥಾಪಿಸಿದುವು.

*ಪಾತ್ರನಿರ್ವಹಣೆಯ ಆಟಗಳು.* ಜಾಹೀರಾತು ಲೇಖಕ ಶಿಗೆಸಾತೊ ಇತೊಯಿ ರೂಪಿಸಿದ ‘ಮದರ್’ (1989) ಇಂಗ್ಲಿಷ್ ಭಾಷಾಂತರ ಪೂರ್ಣವಾದ ಮೇಲೂ ಪ್ರಕಟವಾಗದೆ, 2015ರಲ್ಲಿ ಮಾತ್ರ ಹೊರಗೆ ಬಂದಿತು. ಇದೇ ಮಾಲಿಕೆಯ ‘ಮದರ್ 3’ (2006) ಇಂದಿಗೂ ಇಂಗ್ಲಿಷಿನಲ್ಲಿ ವಿಧಿವತ್ತಾಗಿ ಪ್ರಕಟವಾಗಿಲ್ಲ. ಕಿಯೋಶಿ ಕುರೊಸಾವನ ಚಲಚ್ಚಿತ್ರವನ್ನು ಆಧರಿಸಿ ಕ್ಯಾಪ್‌ಕಾಮ್ ರಚಿಸಿದ ‘ಸ್ವೀಟ್ ಹೋಮ್’ (1989), ಸ್ಕ್ವೇರ್ ಸಂಸ್ಥೆಯ ‘ಫೈನಲ್ ಫ್ಯಾಂಟಸಿ 3’ (1990), ‘ಲೈವ್ ಎ ಲೈವ್’ (1994), ‘ಸೇಯಿಕೆನ್ ದೆನ್ಸೆತ್ಸು 3’ (1995) ಈ ಗುಂಪಿನ ಮುಖ್ಯ ಕೃತಿಗಳು.

*ವ್ಯೂಹರಚನೆಯ ಆಟಗಳು.* ‘ಫೈರ್ ಎಂಬ್ಲಮ್’ ಮಾಲಿಕೆ 1990ರಲ್ಲಿ ಆರಂಭವಾಗಿ 2003ರವರೆಗೆ ಜಪಾನಿನಿಂದ ಹೊರಬರಲಿಲ್ಲ. ಸೆಗಾ ಸಂಸ್ಥೆಯ ‘ಸಕುರ ತೈಸೆನ್’ (1996) ವ್ಯೂಹರಚನೆಯನ್ನೂ ಸಂಭಾಷಣೆಯನ್ನೂ ಸಮವಾಗಿ ಬೆರೆಸಿದುದು.

*ಪ್ರಯೋಗಶೀಲ ಆಟಗಳು.* ಹಾಸ್ಯನಟನೂ ಚಲಚ್ಚಿತ್ರ ನಿರ್ದೇಶಕನೂ ಆದ ತಕೇಶಿ ಕಿತಾನೊ ರೂಪಿಸಿದ ‘ತಕೇಶಿ ನೊ ಚೋಸೆಂಜೊ’ (1986), ಶತ್ರುಗಳನ್ನು ಕೊಲ್ಲುವ ಬದಲು ಅವರ ಆತ್ಮಗಳನ್ನು ಉದ್ಧರಿಸುವ ‘ಮೂನ್’ (1997), ಗ್ರಾಮದಲ್ಲಿ ಬಾಲಕನೊಬ್ಬನ ಬೇಸಗೆಯ ರಜೆಯನ್ನು ಚಿತ್ರಿಸುವ ‘ಬೊಕು ನೊ ನತ್ಸುಯಾಸುಮಿ’ (2000) ಇಲ್ಲಿ ಉಲ್ಲೇಖಾರ್ಹ.

ಕರ್ನಾಟಕದಲ್ಲಿ ಪ್ರಸಾರ

ಮೇಲ್ಕಂಡ ಪ್ರಕಾರಗಳಲ್ಲಿ ಮೊದಲನೆಯದು ಮಾತ್ರ 1990ರ ದಶಕದಲ್ಲಿ ಕರ್ನಾಟಕದ ಮನೆಗಳನ್ನು ವ್ಯಾಪಕವಾಗಿ ಪ್ರವೇಶಿಸಿತು. ತೈವಾನಿನಲ್ಲಿ ಮೈಕ್ರೊ ಜೀನಿಯಸ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಪ್ರತಿರೂಪ ಯಂತ್ರಗಳೂ ಅವುಗಳ ಅನುಕರಣಗಳೂ ರಷ್ಯದಲ್ಲಿ ಡೆಂಡಿ, ಪೋಲೆಂಡಿನಲ್ಲಿ ಪೆಗಾಸಸ್ ಎಂದು ಮಾರಾಟವಾದಂತೆ, ಭಾರತದಲ್ಲಿ ಲಿಟಲ್ ಮಾಸ್ಟರ್ ಮೊದಲಾದ ಹೆಸರುಗಳಿಂದ ಮಾರಾಟವಾದುವು. ಜನರ ಮಾತಿನಲ್ಲಿ ಇವೆಲ್ಲಕ್ಕೂ ‘ವಿಡಿಯೋ ಗೇಮ್’ ಅಥವಾ ‘ಟಿವಿ ಗೇಮ್’ ಎಂಬುದೇ ಹೆಸರು.

ಆಗ ಭಾರತದ ದೂರದರ್ಶನ ಪದ್ಧತಿ ಪಾಲ್, ಜಪಾನಿನದು ಎನ್‌ಟಿಎಸ್‌ಸಿ ಆಗಿದ್ದುವು. ಪಾಲ್ ದೇಶಗಳಿಗಾಗಿ ತೈವಾನಿನ ಯುಎಂಸಿ ಸಂಸ್ಥೆ ತಯಾರಿಸಿದ ಬಿಲ್ಲೆಗಳು ಜಪಾನೀ ಕ್ಯಾಸೆಟ್‌ಗಳು ದೋಷವಿಲ್ಲದೆ ನಡೆಯುವಂತೆ ಕಾಲಗಣನೆಯನ್ನು ಹೊಂದಿಸಿಕೊಂಡಿದ್ದುವು. ಸೆಕೆಂಡಿಗೆ 60ರ ಬದಲು 50 ಚಿತ್ರಗಳು ಮೂಡುತ್ತಿದ್ದುದರಿಂದ ಆಟದ ವೇಗವೂ ಸಂಗೀತದ ಲಯವೂ ಮೂಲಕ್ಕಿಂತ ಆರನೆಯ ಒಂದು ಭಾಗದಷ್ಟು ನಿಧಾನವಾಗಿದ್ದುವು. ಯಂತ್ರದಿಂದ ಹೊರಟ ತಂತಿಯನ್ನು ಟಿವಿಯ ಆಂಟೆನಾ ಕಿಂಡಿಗೆ ಸಿಕ್ಕಿಸಿ, ಚಾನೆಲ್ ತಿರುಗಿಸಿ ಚಿತ್ರವನ್ನು ಹಿಡಿಯಲಾಗುತ್ತಿತ್ತು. ಸಂಪರ್ಕಪಟ್ಟಿಯಲ್ಲಿ ಧೂಳು ಸೇರಿ ಆಟ ಮೂಡದಿದ್ದಾಗ ಕ್ಯಾಸೆಟ್ಟಿನ ಬಾಯಿಗೆ ಊದಿ ಪುನಃ ತೂರಿಸುವುದು ಸರ್ವತ್ರ ರೂಢಿಯಾಗಿತ್ತು.

ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆ ಎಂದು ಕರೆಯಲ್ಪಡುವ ಸಾದರ ಪತ್ರಪ್ಪ ರಸ್ತೆಯ ವಿದ್ಯುನ್ಮಾನ ಸಾಮಗ್ರಿಗಳ ಪೇಟೆಯೂ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟೂ ಇಂಥ ಸರಕಿನ ಪ್ರಮುಖ ವ್ಯಾಪಾರಸ್ಥಾನಗಳಾಗಿದ್ದುವು. ಲಾಲ್‌ಬಾಗಿನ ದಕ್ಷಿಣಕ್ಕಿರುವ ಸಿದ್ದಾಪುರ, ಜಯನಗರ, ಬನಶಂಕರಿಯಂಥ ವಸತಿ ಬಡಾವಣೆಗಳಲ್ಲಿ ಮನೆಯ ಯಂತ್ರದ ಜೊತೆಗೆ, ಗಂಟೆಯ ಲೆಕ್ಕದಲ್ಲಿ ಹಣ ಪಡೆದು ಆಡಲು ಬಿಡುವ ಅಂಗಡಿಗಳೂ, ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುವ ಪದ್ಧತಿಯೂ, ನೆರೆಹೊರೆಯ ಮಕ್ಕಳು ಪರಸ್ಪರ ಕ್ಯಾಸೆಟ್ ಬದಲಿಸಿಕೊಳ್ಳುವ ಪದ್ಧತಿಯೂ ಬಳಕೆಯಲ್ಲಿದ್ದುವು. ಏಪ್ರಿಲ್ ಮತ್ತು ಮೇ ತಿಂಗಳ ಶಾಲಾ ರಜೆ ಈ ಆಟಗಳ ಮುಖ್ಯ ಋತು.

ಮಾರಾಟದಲ್ಲಿದ್ದ ಬಹುಕ್ರೀಡಾ ಕ್ಯಾಸೆಟ್ಟುಗಳ ಮೇಲೆ ‘64 ಇನ್ 1’ ಎಂಬುದರಿಂದ ‘9999999 ಇನ್ 1’ ಎಂಬುದರವರೆಗೆ ಸಂಖ್ಯೆಗಳು ಮುದ್ರಿತವಾಗಿರುತ್ತಿದ್ದುವು. ದೊಡ್ಡ ಸಂಖ್ಯೆಯವುಗಳಲ್ಲಿ ನಿಜವಾದ ಆಟಗಳು ಕೆಲವೇ ಇದ್ದು, ಅವೇ ಬೇರೆ ಬೇರೆ ಹಂತಗಳಿಂದ ಆರಂಭವಾಗುವಂತೆ ಪುನರಾವರ್ತಿಸಲ್ಪಟ್ಟಿರುತ್ತಿದ್ದುವು. ಈ ಪಟ್ಟಿಗಳಲ್ಲಿ ನಿರ್ಮಾಪಕರ ಹೆಸರನ್ನೂ ಪ್ರಕಟಣೆಯ ವರ್ಷವನ್ನೂ ಅಳಿಸಿ ಆಟದ ಹೆಸರನ್ನು ಬದಲಿಸುವುದುಂಟು. ‘ಬ್ಯಾಟಲ್ ಸಿಟಿ’ಯ ತಿದ್ದಿದ ರೂಪವೊಂದು ‘ಟ್ಯಾಂಕ್ 1990’ ಎಂಬ ಹೆಸರಿನಿಂದ ಮೂಲದಷ್ಟೇ ಪ್ರಚಾರ ಪಡೆಯಿತು. ಇದರ ಫಲವಾಗಿ, ಅಮೆರಿಕದ ಆಟಗಾರರು ಗೃಹಯಂತ್ರದಲ್ಲಿ ಕಾಣದ ‘ಬ್ಯಾಟಲ್ ಸಿಟಿ’, ‘ಸರ್ಕಸ್ ಚಾರ್ಲಿ’, ‘ಬೈನರಿ ಲ್ಯಾಂಡ್’ಗಳು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಮಕ್ಕಳಿಗೆ, ಅವು ಯಾವ ದೇಶದ ಯಾವ ಸಂಸ್ಥೆಯವೆಂಬ ಅರಿವಿಲ್ಲದೆಯೇ, ಸುಪರಿಚಿತವಾದುವು.

ಈ ವ್ಯಾಪಾರಕ್ಕೆ ಹಕ್ಕುದಾರರ ಅನುಮತಿಯಿರಲಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 1984ರಲ್ಲಿ ಮಾಡಿದ ತಿದ್ದುಪಡಿಯಿಂದ ಗಣಕದ ಕ್ರಮವಿಧಿಗಳು ಸಾಹಿತ್ಯಕೃತಿಗಳ ವ್ಯಾಖ್ಯೆಯೊಳಗೆ ಸೇರಿದ್ದುವು; ಆದುದರಿಂದ ಇಂಥ ಪ್ರತಿಗಳು ಶಾಸನದ ದೃಷ್ಟಿಯಲ್ಲಿ ಅನಧಿಕೃತವಾದುವು.

ಪ್ರಭಾವ ಮತ್ತು ಉಪಯೋಗ

ಸ್ವದೇಶಸೀಮಿತ ಆಟಗಳು ತಾವು ಹೊರಬಾರದಿದ್ದರೂ ಹೊರಬಂದ ಆಟಗಳ ಮೂಲಕ ಪ್ರಭಾವ ಬೀರಿದುವು. ಪಾಳುಬಿದ್ದ ಮಹಲು, ಮಿತವಾದ ವಸ್ತುಸಂಗ್ರಹ, ಬಾಗಿಲು ತೆರೆಯುವ ದೃಶ್ಯ ಮುಂತಾದ ‘ಸ್ವೀಟ್ ಹೋಮ್’ನ ಅಂಶಗಳು ಅದೇ ಸಂಸ್ಥೆಯ 1996ರ ‘ರೆಸಿಡೆಂಟ್ ಈವಿಲ್’ನಲ್ಲಿ ವಿಕಾಸಗೊಂಡು ಜಗತ್ಪ್ರಸಿದ್ಧವಾದುವು.

ಹವ್ಯಾಸಿಗಳು ಸ್ವಯಂಪ್ರೇರಣೆಯಿಂದ ಕೈಗೊಂಡ ಭಾಷಾಂತರಗಳು 1990ರ ದಶಕದ ಉತ್ತರಾರ್ಧದಿಂದ ಒಂದು ಸ್ವತಂತ್ರ ವಿದ್ಯೆಯಾಗಿ ಬೆಳೆದುವು. ಸಾಮಾನ್ಯವಾಗಿ ಇವರು ಆಟವನ್ನು ಹಂಚದೆ, ಮೂಲಪ್ರತಿಗೆ ಅನ್ವಯಿಸಬೇಕಾದ ತಿದ್ದುಪಡಿಯ ಕಡತವನ್ನು ಮಾತ್ರ ಹಂಚುತ್ತಾರೆ. ‘ಫೈನಲ್ ಫ್ಯಾಂಟಸಿ 5’ ಆಟದ ಭಾಷಾಂತರ ಈ ವಿದ್ಯೆಯ ಆದ್ಯ ಸಾಧನೆಗಳಲ್ಲೊಂದು. ವೃತ್ತಿಯಿಂದ ಭಾಷಾಂತರಕಾರನಾದ ಕ್ಲೈಡ್ ಮ್ಯಾಂಡೆಲಿನ್ ನೇತೃತ್ವದಲ್ಲಿ 2008ರ ಅಕ್ಟೋಬರಿನಲ್ಲಿ ಮುಗಿದ ‘ಮದರ್ 3’ರ ಭಾಷಾಂತರ ಅತ್ಯಂತ ಪ್ರಸಿದ್ಧವಾದುದು. ಕ್ರೀಡೆಗಳ ಇತಿಹಾಸ, ಭಾಷಾಂತರಶಾಸ್ತ್ರ, ಜಪಾನೀ ಭಾಷೆಯ ಅಧ್ಯಯನ ಇವುಗಳಿಗೂ ಈ ಆಟಗಳು ಆಕರಗಳಾಗಿ ಒದಗುತ್ತವೆ.

ಈಗಿನ ಸ್ಥಿತಿ

ಫ್ಯಾಮಿಕಾಮಿನ ತಯಾರಿಕೆ 2003ರಲ್ಲಿ ನಿಂತಿತು. ಜಪಾನಿನಲ್ಲಿ ಅಷ್ಟರೊಳಗೆ ಮಾರಾಟವಾದ ಯಂತ್ರಗಳು 1 ಕೋಟಿ 93 ಲಕ್ಷಕ್ಕೂ ಅಧಿಕ. ಜಾಲದ ಮೂಲಕ ವಿತರಣೆ ರೂಢಿಗೆ ಬಂದ ಮೇಲೆ ಸ್ವದೇಶಸೀಮಿತ ಆಟಗಳ ಸಂಖ್ಯೆ ಕ್ರಮೇಣ ಕ್ಷೀಣಿಸುತ್ತ ಬಂದಿದೆ. ಡಿಸ್ಕ್ ಸಿಸ್ಟಮ್‌ಗಾಗಿ 1986ರಲ್ಲಿ ರಚಿತವಾದ ‘ನಾಜೊ ನೊ ಮುರಸಮೆಜೊ’ 2014ರಲ್ಲಿಯೂ, ‘ಸೇಯಿಕೆನ್ ದೆನ್ಸೆತ್ಸು 3’ 2019ರಲ್ಲಿಯೂ, ‘ಮೂನ್’ ಮತ್ತು ಮೊದಲ ‘ಫೈರ್ ಎಂಬ್ಲಮ್’ 2020ರಲ್ಲಿಯೂ, ‘ಲೈವ್ ಎ ಲೈವ್’ ಹೊಸ ರೂಪದಲ್ಲಿ 2022ರಲ್ಲಿಯೂ ಪಾಶ್ಚಾತ್ಯ ದೇಶಗಳನ್ನು ತಲಪಿದುವು. ‘ಮದರ್ 3’ 2024ರ ಫೆಬ್ರವರಿಯಲ್ಲಿ ನಿಂಟೆಂಡೊ ಸಂಸ್ಥೆಯ ಜಾಲಸೇವೆಗೆ ಸೇರಿತಾದರೂ ಅದು ಜಪಾನಿಗೆ ಮಾತ್ರ.

ಜಾಲವಿತರಣೆಯೂ ಶಾಶ್ವತವಾದುದಲ್ಲ. ನಿಂಟೆಂಡೊ 3ಡಿಎಸ್ ಮತ್ತು ವೀ ಯು ಯಂತ್ರಗಳ ಜಾಲಮಳಿಗೆಗಳು 2023ರ ಮಾರ್ಚಿನಲ್ಲಿ ಮುಚ್ಚಿದುದರಿಂದ ಅಲ್ಲಿ ಮಾತ್ರ ದೊರೆಯುತ್ತಿದ್ದ ಹಳೆಯ ಆಟಗಳನ್ನು ಕೊಳ್ಳುವ ಅವಕಾಶ ತಪ್ಪಿತು. ಸ್ಯಾಟೆಲಾವ್ಯೂ ಪ್ರಸಾರಗಳಲ್ಲಿ ಉಳಿದಿರುವುದು, ಬಳಕೆದಾರರ ಸ್ಮೃತಿಫಲಕಗಳಲ್ಲಿ ಅಳಿಯದೆ ಉಳಿದ ಭಾಗ ಮಾತ್ರ. ಟೋಕಿಯೋದ ಗೇಮ್ ಪ್ರಿಸರ್ವೇಷನ್ ಸೊಸೈಟಿ ಮತ್ತು ಕ್ಯೋಟೊದ ರಿತ್ಸುಮೇಯಿಕಾನ್ ವಿಶ್ವವಿದ್ಯಾಲಯದ ಕ್ರೀಡಾ ಅಧ್ಯಯನ ಕೇಂದ್ರ ಸಂರಕ್ಷಣೆಯ ಕಾರ್ಯದಲ್ಲಿ ತೊಡಗಿವೆ. ಫ್ಯಾಮಿಕಾಮಿನ ವಿನ್ಯಾಸಕಾರ ಉಯೆಮುರ ನಿವೃತ್ತಿಯ ಅನಂತರ ಈ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗಿದ್ದು 2021ರಲ್ಲಿ ನಿಧನನಾದನು.

ಭಾರತದಲ್ಲಿ ಪ್ರತಿರೂಪ ಯಂತ್ರಗಳ ಸ್ಥಾನವನ್ನು ಗಣಕಗಳೂ ಪ್ಲೇಸ್ಟೇಷನ್ ಯಂತ್ರಗಳೂ ತದನಂತರ ಮೊಬೈಲ್ ಫೋನುಗಳೂ ಆಕ್ರಮಿಸಿದುವು. ನೂರಾರು ಆಟಗಳನ್ನು ಒಳಗೇ ತುಂಬಿಕೊಂಡ ಅಗ್ಗದ ಕೈಯಂತ್ರಗಳು ಇಂದಿಗೂ ಆಟಿಕೆಯ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದು, ಅವುಗಳ ಪಟ್ಟಿಯಲ್ಲಿ 1984 ಮತ್ತು 1985ರ ಅದೇ ಕಿರು ಆಟಗಳು ಸೇರಿರುತ್ತವೆ. ಕಥಾಪ್ರಧಾನ ಆಟಗಳು ಭಾರತೀಯ ಆಟಗಾರರಿಗೆ ಇಂಗ್ಲಿಷ್ ಆವೃತ್ತಿಗಳ ಮೂಲಕವೇ ಲಭ್ಯವಾಗುತ್ತಿವೆ.